ನನ್ನ ತಲೆಗೆ ಬೋರೋ ಬಾವಿಯೋ

ಸಿರಾ ಬಸ್ ಸ್ಟ್ಯಾಂಡಿನಲ್ಲಿ ಹೆಂಡತಿಯನ್ನು ಬಿಟ್ಟು ನಾನೊಬ್ಬನೇ ಮಧುಗಿರಿಗೆ ಬಂದುಬಿಟ್ಟೆ. ಜಗಳವಾಡಿಕೊಂಡು ಬಂದದ್ದಲ್ಲ. ಹಾಗೆ ಬಂದಿದ್ದರೆ ನಮ್ಮ ಇಷ್ಟು ವರ್ಷದ ಸಂಸಾರದಲ್ಲಿ ಅದೇನೂ ವಿಶೇಷವಾಗುತ್ತಿರಲಿಲ್ಲ. ಕಳ್ಳಂಬೆಳ್ಳದ ಅವಳ ತವರುಮನೆಯಿಂದ ಇಬ್ಬರೂ ಸಿರಾಕ್ಕೆ ಬಂದಿಳಿದಿದ್ದೆವು. ಎರಡು ಚೀಲಗಳನ್ನು ತಾನೇ ಹೊತ್ತುಕೊಂಡು, "ಇಲ್ಲೇ ನಿಂತಿರ್ರೀ, ಬಂದೆ" ಎಂದು ಅವಳು ಕಡ್ಲೆಕಾಯಿ ಕೊಳ್ಳಲು ಹೋದಳು. ಅಷ್ಟರಲ್ಲಿ ಮಧುಗಿರಿ ಬಸ್ಸು ಬಂತು. ಕಿಟಕಿ ಪಕ್ಕದ ಸೀಟು ಖಾಲಿ ಇತ್ತು. ಹತ್ತಿ ಕೂತೆ.

ಮನೆಗೆ ಬಂದರೆ ಬೀಗ. ಬೀಗದ ಕೈ ಅವಳ ಹತ್ತಿರ. 'ಮನೆ ಬಿಟ್ಟು ಇವಳೆಲ್ಲಿಗೆ ಹೋದಳು?' ಎಂದು ಹಲ್ಲು ಕಡಿಯುತ್ತಾ ಜಗಲಿಯ ಮೇಲೆ ಕೂತೆ. ಒಂದೂವರೆ ಗಂಟೆ ಕಳೆದ ಮೇಲೆ ಅವಳು ಬೀದಿಯ ತುದಿಯಲ್ಲಿ ಕಾಣಿಸಿಕೊಂಡಳು. ಎರಡೂ ಕೈಯಲ್ಲಿ ಚೀಲ, ಮುಖದ ತುಂಬಾ ಬೆವರು. "ಎಲ್ಲಿ ಸುತ್ತೋಕೆ ಹೋಗಿದ್ದೆ?" ಎಂದು ನಾನೇ ದಬಾಯಿಸಿದೆ.

ಅವಳು ಬೈಯಲಿಲ್ಲ. ಚೀಲ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. "ತಲೆನೋವು ಐತಾ?" ಎಂದು ಕೇಳಿದಳು. ಇತ್ತು. ಆರು ತಿಂಗಳಿಂದ ಇತ್ತು. ಬಗ್ಗಿ ಚಪ್ಪಲಿ ಹಾಕಿಕೊಂಡರೆ ತಲೆಯೊಳಗೆ ಯಾರೋ ಗುದ್ದಿದ ಹಾಗೆ ಆಗುತ್ತಿತ್ತು. ನನ್ನ ಹೆಂಡತಿ ಬೈಯದೆ ಇದ್ದದ್ದನ್ನು ಮದುವೆಯಾದಾಗಿನಿಂದ ಅದೇ ಮೊದಲು ಕಂಡದ್ದು. ತಲೆನೋವಿಗಿಂತ ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಇದನ್ನು ಬರೆಯುವಾಗ ಒಂದು ಮಾತು ಒಪ್ಪಿಕೊಳ್ಳಬೇಕು. ಆ ದಿನಗಳ ಅರ್ಧ ಕಥೆ ನನ್ನ ನೆನಪಿನದಲ್ಲ, ಅವಳ ಬಾಯಿಂದ ಕೇಳಿ ಬರೆದದ್ದು. ಎಲ್ಲೆಲ್ಲಿ ನಾನು ಪೆದ್ದನಾಗಿಯೂ ಅವಳು ಜಾಣೆಯಾಗಿಯೂ ಕಾಣುತ್ತೇವೋ ಅಲ್ಲೆಲ್ಲ ಓದುಗರು ಇದನ್ನು ನೆನೆದುಕೊಳ್ಳಬೇಕು.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವನು. ಮಧುಗಿರಿ, ಕೊರಟಗೆರೆ, ಪಾವಗಡ ಮೂರೂ ತಾಲ್ಲೂಕಿನಲ್ಲಿ ಸೀಮೆಸುಣ್ಣ ಸವೆಸಿದ್ದೇನೆ. ಲೆಕ್ಕ ಹೇಳಿಕೊಡುವುದರಲ್ಲಿ ನಾನು ಎಷ್ಟರವನು ಎಂಬುದರ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ. ಆದರೆ ಪರೀಕ್ಷೆಯಲ್ಲಿ ಕಾಪಿ ಹಿಡಿಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬುದನ್ನು ಶತ್ರುಗಳೂ ಒಪ್ಪುತ್ತಾರೆ. ಲಂಗದ ಅಂಚಿನ ಮಡಿಕೆಯಲ್ಲಿ, ಗಡಿಯಾರದ ಪಟ್ಟಿಯ ಕೆಳಗೆ, ಕಾಲುಚೀಲದೊಳಗೆ, ಎಲ್ಲಿದ್ದರೂ ಚೀಟಿಯನ್ನು ಹೊರಗೆ ತೆಗೆಸುತ್ತಿದ್ದೆ. ಕೊರಟಗೆರೆಯ ಸೆಂಟರಿನಲ್ಲಿ ಒಂದು ಸಲ ಕಿಟಕಿಯಾಚೆ ಮರ ಹತ್ತಿ ಕೈಸನ್ನೆಯಲ್ಲಿ ಉತ್ತರ ಹೇಳುತ್ತಿದ್ದ ಒಬ್ಬ ಸೋದರಮಾವನನ್ನು ಮರದಿಂದಲೇ ಇಳಿಸಿದ್ದೆ. ಮಕ್ಕಳು ನನ್ನನ್ನು ಹಿಂದಿನಿಂದ ಹದ್ದು ಎನ್ನುತ್ತಿದ್ದರು. ಕೇಳಿಸಿದರೂ ಕೇಳಿಸದವನ ಹಾಗೆ ಖುಷಿಪಡುತ್ತಿದ್ದೆ.

ತುಮಕೂರಿನಲ್ಲಿ ಸ್ಕ್ಯಾನ್ ಮಾಡಿಸಿದೆವು. ಅವರು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಮಿದುಳಿನ ಸರ್ಜನ್ ಒಬ್ಬರು ಹೆಂಗಸು, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವರು. ಫಿಲ್ಮನ್ನು ಬೆಳಕಿಗೆ ಹಿಡಿದು ವಿವರಿಸಿದರು. ಮಿದುಳಿನ ನಟ್ಟನಡುವೆ, ನೀರು ಹರಿದುಹೋಗುವ ಕಿರಿದಾದ ಬಾಗಿಲಿನಲ್ಲಿ, ಒಂದು ಸಣ್ಣ ಚೀಲ ಕೂತಿದೆ. ಒಳಗೆ ಗಂಜಿಯಂಥ ಪದಾರ್ಥ. ಕ್ಯಾನ್ಸರ್ ಅಲ್ಲ, ಯಾರಿಗೂ ಕೆಟ್ಟದ್ದು ಬಯಸುವ ಜಾತಿಯದಲ್ಲ. ಆದರೆ ಬಾಗಿಲಿಗೆ ಅಡ್ಡ ಕೂತಿರುವುದರಿಂದ ಮೇಲಿನ ನೀರು ಕೆಳಕ್ಕಿಳಿಯದೆ ಕಟ್ಟಿಕೊಂಡಿದೆ. ತಲೆನೋವು ಅದಕ್ಕೇ, ಮರೆವೂ ಅದಕ್ಕೇ. ಒಂದು ದಿನ ಬಾಗಿಲು ಪೂರ್ತಿ ಮುಚ್ಚಿಕೊಂಡರೆ ಆಸ್ಪತ್ರೆಗೆ ಬರಲೂ ಸಮಯವಿರುವುದಿಲ್ಲ.

"ಎಷ್ಟು ದಪ್ಪ ಐತೆ ಮೇಡಮ್?" ಎಂದಳು ನನ್ನ ಹೆಂಡತಿ. ಡಾಕ್ಟರು ಕಿರುಬೆರಳಿನ ತುದಿ ತೋರಿಸಿದರು. ಅವಳು ಫಿಲ್ಮಿಗೆ ಮುಖ ಹತ್ತಿರ ತಂದು ನೋಡಿ, "ಕಡ್ಲೆಬೀಜದಷ್ಟು" ಎಂದು ತನ್ನ ಅಳತೆಗೆ ಇಳಿಸಿಕೊಂಡಳು.

ತೆಗೆಯಲು ಎರಡು ದಾರಿ ಇದೆಯಂತೆ. ಒಂದು, ತಲೆಬುರುಡೆಯಲ್ಲಿ ಸಣ್ಣ ತೂತು ಕೊರೆದು, ಕ್ಯಾಮೆರಾ ಇರುವ ಸಪೂರ ಕೊಳವೆಯನ್ನು ಒಳಗೆ ಬಿಟ್ಟು, ಚೀಲವನ್ನು ಒಡೆದು ಹೀರಿ ತೆಗೆಯುವುದು. ಬೇಗ ಮನೆಗೆ ಹೋಗಬಹುದು, ಆದರೆ ಚೀಲದ ಸಿಪ್ಪೆ ಸ್ವಲ್ಪ ಉಳಿದು ಮತ್ತೆ ತುಂಬಿಕೊಳ್ಳಬಹುದು. ಇನ್ನೊಂದು, ಬುರುಡೆಯ ಒಂದು ತುಂಡನ್ನೇ ಮುಚ್ಚಳದ ಹಾಗೆ ತೆಗೆದು, ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿಕೊಂಡು ಚೀಲವನ್ನು ಪೂರ್ತಿ ಬಿಡಿಸಿ ತಂದು, ಮುಚ್ಚಳ ಮುಚ್ಚುವುದು. ಕೆಲಸ ದೊಡ್ಡದು, ಚೇತರಿಸಿಕೊಳ್ಳುವುದೂ ನಿಧಾನ. ಎರಡರಲ್ಲೂ ಒಂದು ಅಪಾಯ ಸಮಾನ. ಆ ಚೀಲಕ್ಕೆ ತಾಗಿಕೊಂಡೇ ನೆನಪಿನ ನರಗಳ ಕಟ್ಟೊಂದು ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಹೊಸ ನೆನಪು ನಿಲ್ಲುವುದಿಲ್ಲ.

"ಅಂದ್ರೆ ನನ್ನ ಮರ್ತ್‌ಬುಡ್ತಾರಾ?" ಎಂದಳು ಹೆಂಡತಿ.

"ನಿಮ್ಮನ್ನ ಮರೆಯಲ್ಲಮ್ಮ. ಹಳೇದೆಲ್ಲ ಇರುತ್ತೆ. ಆದರೆ ನೀವು ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಇರದೇ ಹೋಗಬಹುದು."

"ಅದು ಮದುವೆಯಾದಾಗಿನಿಂದಲೂ ಇಲ್ಲ" ಎಂದು ನಾನು ತಮಾಷೆ ಮಾಡಿದೆ. ಯಾರೂ ನಗಲಿಲ್ಲ.

ಕೊನೆಗೆ ಡಾಕ್ಟರು, "ಎರಡೂ ಸರಿಯಾದ ದಾರಿಯೇ. ವಾರದೊಳಗೆ ಯೋಚನೆ ಮಾಡಿ ಹೇಳಿ" ಎಂದರು. ನನಗೆ ರೇಗಿತು. ಒಂದು ಲೆಕ್ಕಕ್ಕೆ ಎರಡು ಉತ್ತರ ಇರುವುದುಂಟು. ಆದರೆ ಎರಡರಲ್ಲಿ ನಿಮಗಿಷ್ಟವಾದದ್ದನ್ನು ಬರೆಯಿರಿ, ತಪ್ಪಾದರೆ ತಲೆ ಹೋಗುತ್ತದೆ ಎಂದು ಯಾವ ಪ್ರಶ್ನೆಪತ್ರಿಕೆಯಲ್ಲೂ ನಾನು ಕಂಡಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ನನಗೆ ನಿಜವಾಗಿ ಭಯವಾಯಿತು. ಸಾಯುವುದಕ್ಕಲ್ಲ. ಸತ್ತರೆ ಒಂದು ಸಲ. ಆದರೆ ದಿನಾ ಬೆಳಿಗ್ಗೆ ಜಗಲಿಯ ಮೇಲೆ ಕೂತು 'ಇವಳೆಲ್ಲಿ ಹೋದಳು' ಎಂದು ಸಿಟ್ಟಾಗುವುದು, ಅವಳು ದಿನಾ ಎರಡು ಚೀಲ ಹೊತ್ತು ಬೆವರಿಕೊಂಡು ಬರುವುದು, ನಾನು ದಿನಾ ಅದೇ ಪ್ರಶ್ನೆ ಕೇಳುವುದು. ಆ ಬದುಕು ನನಗಿಂತ ಅವಳಿಗೆ ಶಿಕ್ಷೆ. ಕಿಟಕಿಯಾಚೆ ನೋಡಿಕೊಂಡು ಕೂತೆ. ಅವಳು ಮಾತ್ರ ದಾರಿಯುದ್ದಕ್ಕೂ ನನ್ನ ಅಂಗಿಯ ತುದಿಯನ್ನು ಹಿಡಿದೇ ಇದ್ದಳು.

ಭಾನುವಾರ ನಮ್ಮ ಮನೆಯಲ್ಲಿ ಪಂಚಾಯಿತಿ ಕೂಡಿತು. ಸಿರಾದಿಂದ ನನ್ನ ಹೆಂಡತಿಯ ತಮ್ಮ ಬಂದ. ಅವನು ಬೋರ್‌ವೆಲ್ ಏಜೆಂಟು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ಓಡಾಡಿ, ಕಾಯಿ ಎದ್ದು ನಿಂತ ಕಡೆ ನೀರಿದೆ ಎಂದು ಪಾಯಿಂಟ್ ತೋರಿಸುವುದೂ ಅವನೇ, ಕೊರೆಯುವ ಗಾಡಿ ತರಿಸುವುದೂ ಅವನೇ. ಪಾವಗಡ ತಾಲ್ಲೂಕಿನ ರಾಯಚರ್ಲಿನಿಂದ ನನ್ನ ಅಕ್ಕ ಬಂದಳು. ಅವರ ಹೊಲದಲ್ಲೆಲ್ಲ ಈಗ ಸೋಲಾರ್ ಹಲಗೆಗಳು. "ನಾವೀಗ ಬಿಸ್ಲು ಬೆಳೀತೀವಿ ಕಣ್ಲಾ, ಕಳೆ ಕೀಳೋ ಕೆಲ್ಸ ಇಲ್ಲ" ಎಂದು ಹೇಳಿಕೊಂಡು ತಿರುಗುವ ಅವಳಿಗೆ ಪುರುಸೊತ್ತಿಗೆ ಬರವಿರಲಿಲ್ಲ.

ನಾನು ಎರಡೂ ದಾರಿಯನ್ನು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದೆ. ಮೇಷ್ಟ್ರ ಚಟ. ವಿವರಣೆ ಮುಗಿಯುವ ಮೊದಲೇ ಅವರಿಬ್ಬರೂ ಅದನ್ನು ತಮಗೆ ತಿಳಿದ ಭಾಷೆಗೆ ತಂದುಕೊಂಡಿದ್ದರು. ತೂತು ಎಂದರೆ ಬೋರು. ಮುಚ್ಚಳ ಎಂದರೆ ತೆರೆದ ಬಾವಿ. ಅಲ್ಲಿಂದಾಚೆಗೆ ನನ್ನ ತಲೆಯ ಮಾತೇ ನಿಂತುಹೋಯಿತು.

ಬೋರಿನವನು ಬೋರಿನ ಪರ ಇರುತ್ತಾನೆ ಎಂದು ನಾನು ಎಣಿಸಿದ್ದೆ. ಅವನು ಎದ್ದು ನಿಂತು ಕೈಮುಗಿದ. "ಭಾವ, ಬೋರ್ ಹಾಕ್ಸಿ ಅನ್ನ ತಿನ್ನೋನು ನಾನೇ ಹೇಳ್ತೀನಿ. ಬಿಲ್ಕುಲ್ ಬ್ಯಾಡಿ. ಒಳಗೆ ಬಂಡೆ ಸಿಕ್ತೋ, ಪೈಪು ಬಾಗ್ತೋ, ಮೇಲೆ ನಿಂತೋನಿಗೆ ಧೂಳು ಬುಟ್ರೆ ಇನ್ನೇನೂ ಕಾಣಾಕಿಲ್ಲ."

"ಕ್ಯಾಮೆರಾ ಬಿಡ್ತಾರಂತೆ ಕಣಯ್ಯ" ಎಂದೆ.

"ಬೋರಿಗೂ ಬುಡ್ತಾರೆ ಭಾವ. ಒಳಗೆ ಬಿದ್ದ ಮೋಟ್ರು ಟೀವಿ ಥರ ಚೆಂದಾಗಿ ಕಾಣ್ತೈತೆ. ಮೇಲಕ್ ಮಾತ್ರ ಬರಾಕಿಲ್ಲ. ಬಾವಿ ತೋಡ್ಸಿ. ಇಳಿದು ಕಣ್ಣಾಗೆ ನೋಡಿ ಮಾಡೋ ಕೆಲ್ಸ ಪಕ್ಕಾ."

ಅಕ್ಕ ಎಲೆ ಅಡಿಕೆಯನ್ನು ದವಡೆಗೆ ಸರಿಸಿ, ತನ್ನೂರ ಕಡೆಯ ತೆಲುಗು ಬೆರೆಸಿ ಬೇಡವೆಂದಳು. "ವದ್ದು! ವದ್ದೇ ವದ್ದು! ಬಾವಿ ಬ್ಯಾಡ ಕಣ್ಲಾ. ನಮ್ಮಾವ ತೋಡ್ಸಿದ ಬಾವಿ ನೋಡಿಲ್ವಾ ನೀನು? ಅಗೆದಿದ್ದೇ ಅಗೆದಿದ್ದು, ದಡ ಕುಸಿದಿದ್ದೇ ಕುಸಿದಿದ್ದು. ಆಮೇಲೆ ಅದ್ರೊಳಕ್ಕೆ ಎಮ್ಮೆ ಬೇರೆ ಬಿತ್ತು. ಬೋರಾದ್ರೆ ಎಮ್ಮೆನಾದ್ರೂ ಬೀಳಾಕಿಲ್ಲ."

ನನ್ನ ತಲೆಯೊಳಗೆ ಎಮ್ಮೆ ಬೀಳುವ ಸಂಭವವನ್ನು ಕುರಿತು ಅರ್ಧ ಗಂಟೆ ಚರ್ಚೆಯಾಯಿತು. ಅವರವರ ಕಸುಬಿನ ಕಷ್ಟ ಅವರವರಿಗೆ ಗೊತ್ತು. ಹಾಗಾಗಿ ಬಾವಿ ತೋಡಿಸಿದ ಮನೆಯವಳು ಬೋರಿಗೂ, ಬೋರು ಕೊರೆಸುವವನು ಬಾವಿಗೂ ಅಂಟಿ ಕೂತರು. ನನ್ನ ಹೆಂಡತಿ ಒಂದು ಮಾತೂ ಆಡದೆ ಕಾಫಿ ಕೊಟ್ಟು ಲೋಟ ತೆಗೆದಳು.

ಇತ್ಯರ್ಥವಾಗದಾಗ ಬಾಮೈದ ಚೀಲದಿಂದ ಜುಟ್ಟು ಬಿಟ್ಟ ತೆಂಗಿನಕಾಯಿಯೊಂದನ್ನು ತೆಗೆದ. "ಯಾವ್ದೇ ಆಗ್ಲಿ, ಮೊದ್ಲು ಪಾಯಿಂಟ್ ನೋಡ್ಬುಡಾನ." ವಿಜ್ಞಾನ ಓದಿದ ನಾನು, ಮೂಢನಂಬಿಕೆಯ ವಿರುದ್ಧ ಶಾಲೆಯಲ್ಲಿ ಭಾಷಣ ಮಾಡಿದ ನಾನು, ಬಾಯಿ ಮುಚ್ಚಿಕೊಂಡು ಮಣೆಯ ಮೇಲೆ ಕೂತೆ. ಭಯ ಮನುಷ್ಯನನ್ನು ಎಲ್ಲಿ ಬೇಕಾದರೂ ಕೂರಿಸುತ್ತದೆ. ಅವನು ಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿ ನನ್ನ ತಲೆಯ ಸುತ್ತ ಮೂರು ಸುತ್ತು ಹಾಕಿದ. ಬಲಗಡೆ, ಹಣೆಯಿಂದ ನಾಲ್ಕು ಬೆರಳು ಮೇಲೆ, ಕಾಯಿ ನೆಟ್ಟಗೆ ಎದ್ದು ನಿಂತಿತಂತೆ. ನಾನು ಕಣ್ಣು ಮುಚ್ಚಿದ್ದರಿಂದ ಸಾಕ್ಷಿ ಹೇಳಲಾರೆ. "ಭರ್ಜರಿ ನೀರೈತೆ ಭಾವ!" ಎಂದು ಅವನು ಅಭ್ಯಾಸ ಬಲದಿಂದ ಸಂತೋಷಪಟ್ಟ. ಅಕ್ಕ ಅಳಲು ಶುರುಮಾಡಿದ ಮೇಲೆ ತನ್ನ ಮುಖವನ್ನೂ ಸಪ್ಪಗೆ ಮಾಡಿಕೊಂಡ.

ಎರಡನೆಯ ಸಲ ಡಾಕ್ಟರ ಹತ್ತಿರ ಹೋದಾಗ ಅವನೂ ಜೊತೆಗೆ ಬಂದ. ನಾನು ಹಾಳೆಯಲ್ಲಿ ಹದಿನೆಂಟು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಮೊದಲನೆಯದನ್ನು ಕೇಳುವ ಮೊದಲೇ ಅವನು ಬಾಯಿ ಹಾಕಿದ. "ಮೇಡಮ್, ಗಾಡಿ ವಿಷ್ಯ ಆಮ್ಯಾಕೆ ಮಾತಾಡಾನ. ಡ್ರಿಲ್ಲರ್ ಯಾರು?"

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಡಾಕ್ಟರು ಮಾತ್ರ ನಕ್ಕರು. "ಡ್ರಿಲ್ಲರ್ ನಾನೇ."

"ಅಂಗಾದ್ರೆ ನಿಮ್ ಕೈಗೆ ಯಾವ್ದು ರೂಢಿ?"

ನನ್ನ ಹದಿನೆಂಟು ಪ್ರಶ್ನೆಯಲ್ಲಿ ಅದಿರಲಿಲ್ಲ. ಡಾಕ್ಟರು ಈ ಸಲ ನಗಲಿಲ್ಲ, ಕುರ್ಚಿ ಮುಂದಕ್ಕೆಳೆದುಕೊಂಡು ಕೂತರು. "ಎರಡೂ ಮಾಡ್ತೀನಿ. ಇವರಿಗೆ ನೀರು ಕಟ್ಟಿಕೊಂಡು ಒಳಗಿನ ಕೋಣೆಗಳು ದೊಡ್ಡದಾಗಿವೆ, ಕೊಳವೆ ಓಡಾಡೋಕೆ ಜಾಗ ಇದೆ. ನಮ್ಮ ತಂದೆ ಆಗಿದ್ದರೆ ತೂತಿನಿಂದಲೇ ಹೋಗ್ತಿದ್ದೆ. ಚೀಲದ ಸಿಪ್ಪೆ ನೆನಪಿನ ನರಕ್ಕೆ ಅಂಟಿಕೊಂಡಿದ್ದರೆ ಎಳೆಯಲ್ಲ, ಅಷ್ಟನ್ನ ಅಲ್ಲೇ ಬಿಟ್ಟು ಬರ್ತೀನಿ. ಮುಂದೆ ಯಾವತ್ತೋ ಮತ್ತೆ ತುಂಬಬಹುದು."

ಪಂಚಾಯಿತಿಯಲ್ಲಿ ಬಾಯಿ ಬಿಡದಿದ್ದ ಹೆಂಡತಿ ಈಗ ಮಾತಾಡಿದಳು. "ಮತ್ತೆ ತುಂಬುದ್ರೆ ಮತ್ತೆ ತೆಗೀಬೋದಲ್ವಾ?"

"ತೆಗೀಬಹುದು."

"ನೆನಪು ಹೋದ್ರೆ ಮತ್ತೆ ತರಾಕಾಯ್ತದಾ?"

"ಇಲ್ಲಮ್ಮ."

"ತೂತೇ ಹಾಕಿ ಮೇಡಮ್" ಎಂದಳು. ಇದು ಎರಡು ಸಾಲಿನ ಲೆಕ್ಕ. ನಾನು ವಾರವೆಲ್ಲ ಹಾಳೆ ತುಂಬಿಸಿದ್ದೆ. ನಾನೂ ಹೂಂ ಎಂದು ಸಹಿ ಮಾಡಿದೆ.

ಆಪರೇಷನ್ ದಿನ ಬೆಳಿಗ್ಗೆ ನರ್ಸ್ ನನ್ನ ತಲೆಯ ಬಲಗಡೆ ಕೂದಲು ತೆಗೆದು, ಔಷಧಿಯಲ್ಲಿ ತೊಳೆದು, ಒಂದು ಗುರುತು ಹಾಕಿದರು. ಹಣೆಯಿಂದ ನಾಲ್ಕು ಬೆರಳು ಮೇಲೆ. ಬಾಮೈದ ನೋಡಿ ಹೆಮ್ಮೆಯಿಂದ ಅರಳಿದ. "ನಾನೇಳ್ಲಿಲ್ವಾ?" ಎಂದು ಪಕ್ಕದ ಮಂಚದ ರೋಗಿಗೂ ತಿಳಿಸಿದ. ಹೆಚ್ಚಿನ ಆಪರೇಷನ್ನುಗಳು ಆ ಬದಿಯಿಂದಲೇ ಆಗುತ್ತವೆ ಎಂದು ನರ್ಸ್ ಹೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ.

ನರ್ಸ್ ಆಚೆ ಹೋಗಿ ಬರುವಷ್ಟರಲ್ಲಿ ಅನಾಹುತ ಆಗಿತ್ತು. ನಮ್ಮ ಕಡೆ ಗಾಡಿ ನಿಲ್ಲಿಸಿ ಪಾಯಿಂಟಿಗೆ ಪೂಜೆ ಮಾಡದೆ ಬೋರು ಕೊರೆಯುವವರಿಲ್ಲ. ಅವನು ನನ್ನ ತಲೆಯ ಗುರುತಿಗೆ ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು ನಿವಾಳಿಸಿ, ಅದನ್ನು ಕತ್ತರಿಸಿ ಅರ್ಧವನ್ನು ದಿಂಬಿನ ಎಡಕ್ಕೂ ಅರ್ಧವನ್ನು ಬಲಕ್ಕೂ ಇಟ್ಟಿದ್ದ. ಕಡ್ಡಿ ಗೀರಿ ಕರ್ಪೂರ ಹಚ್ಚುವುದೊಂದು ಬಾಕಿ. ಪಕ್ಕದಲ್ಲಿ ಆಮ್ಲಜನಕದ ಕೊಳವೆ ಇತ್ತು. ನರ್ಸ್ ಕಿರುಚಿದ್ದಕ್ಕೆ ಇಡೀ ವಾರ್ಡು ಎದ್ದು ಕೂತಿತು. ಅವನನ್ನು ಆಚೆಗಟ್ಟಿ ನನ್ನ ತಲೆಯನ್ನು ಮೊದಲಿನಿಂದ ಮತ್ತೆ ತೊಳೆದರು. ಅರಿಶಿನ ಮಾತ್ರ ಪೂರ್ತಿ ಹೋಗಲಿಲ್ಲ. ಹಳದಿ ತಲೆಯಲ್ಲೇ ಒಳಗೆ ಹೋದೆ.

ಒಳಗೆ ಹೋಗುವ ಸ್ವಲ್ಪ ಮುಂಚೆ, ಅಂಗಿ ಬಿಚ್ಚಿ ಆಸ್ಪತ್ರೆಯ ನಿಲುವಂಗಿ ಹಾಕಿಕೊಳ್ಳುವಾಗ ಒಂದು ಸಂಗತಿ ನಡೆಯಿತು. ಅಂಗಿಯ ಜೇಬಿನಿಂದ ಮಡಚಿದ ಚೀಟಿಗಳು ಬಿದ್ದವು. ಚೀಟಿ ಕಂಡರೆ ಹದ್ದಿನ ಕೈ ಸುಮ್ಮನಿರುವುದಿಲ್ಲ, ಬಿಚ್ಚಿದೆ. ಹೆಂಡತಿಯ ಅಕ್ಷರ. 'ಇವತ್ತು ಗುರುವಾರ. ಮಾತ್ರೆ ತಗೊಂಡಾಗಿದೆ.' ಇನ್ನೊಂದರಲ್ಲಿ, 'ಎದುರುಮನೆಯವರ ತಾಯಿ ತೀರಿಕೊಂಡರು. ಹೇಗಿದ್ದಾರೆ ಅಂತ ಕೇಳಬೇಡಿ.' ಮತ್ತೊಂದರಲ್ಲಿ, 'ನಾನು ಹಿಟ್ಟಿನ ಗಿರಣಿಗೆ ಹೋಗಿದ್ದೇನೆ. ಬರ್ತೇನೆ. ಗಾಬರಿ ಬೇಡ.'

ಓದಿದ ನೆನಪು ನನಗಿರಲಿಲ್ಲ. ಆದರೆ ಚೀಟಿಗಳ ಮಡಿಕೆ ಬಿಚ್ಚಿ ಮಡಚಿ ಸವೆದುಹೋಗಿತ್ತು. ಎಷ್ಟೋ ದಿನದಿಂದ ನಾನು ಬೀದಿಯಲ್ಲಿ, ಅಂಗಡಿಯಲ್ಲಿ, ಮದುವೆಮನೆಯಲ್ಲಿ ಅವಳ ಚೀಟಿ ನೋಡಿಕೊಂಡೇ ಪಾಸಾಗುತ್ತಾ ಬಂದಿದ್ದೆ. ಸಾವಿರ ಮಕ್ಕಳ ಜೇಬು ತಡಕಿದವನು ನನ್ನ ಜೇಬು ತಡಕಿರಲಿಲ್ಲ. ಅವಳು ಚೀಟಿಗಳನ್ನು ಕಿತ್ತುಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. "ಈಗ್ಯಾಕೆ ಅದು" ಎಂದಳು. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಅವಳ ಮೇಲೆ ಪ್ರೀತಿ ಬಂತು. ಹೇಳುವಷ್ಟರಲ್ಲಿ ಮಂಚ ತಳ್ಳಿಕೊಂಡು ಹೊರಟರು.

ಆಪರೇಷನ್ ಚೆನ್ನಾಗಿ ಆಯಿತು. ಅಂಟಿಕೊಂಡಿದ್ದ ಸಿಪ್ಪೆಯ ಒಂದು ಚೂರನ್ನು ಹೇಳಿದ ಹಾಗೆ ಅಲ್ಲೇ ಬಿಟ್ಟಿದ್ದರು. ತಲೆನೋವು ಹೋಗಿತ್ತು. ಉಳಿದದ್ದು ನೆನಪಿನ ಪರೀಕ್ಷೆ. ದಿನಾ ಬೆಳಿಗ್ಗೆ ಡಾಕ್ಟರು ಬಂದು ಮೂರು ಪದ ಹೇಳುತ್ತಿದ್ದರು. ಬೇರೆ ರೋಗಿಗಳನ್ನು ನೋಡಿ ಬಂದು, ಆ ಮೂರನ್ನು ಹೇಳಿ ಎನ್ನುತ್ತಿದ್ದರು.

ಮೊದಲ ದಿನ ಒಂದೂ ಬರಲಿಲ್ಲ. ಮೂರು ಪದ ಹೇಳಿದ್ದರೆಂಬುದೇ ಹೊಳೆಯಲಿಲ್ಲ. "ಊತ ಇಳಿಯಲಿ, ಕಾಯೋಣ" ಎಂದರು ಡಾಕ್ಟರು. ಹೆಂಡತಿ ಗೋಡೆಯ ಕಡೆ ತಿರುಗಿ ನಿಂತಳು.

ಎರಡನೆಯ ದಿನ, ಪೆನ್ನು, ಸೀಬೆಹಣ್ಣು, ಗಡಿಯಾರ. ಡಾಕ್ಟರು ಮತ್ತೆ ಬಂದು ಕೇಳಿದಾಗ ನಾನು ತೊದಲುತ್ತಿದ್ದೆ. ಅವರ ಬೆನ್ನ ಹಿಂದೆ ನನ್ನ ಹೆಂಡತಿ ಗಾಳಿಯಲ್ಲಿ ಬರೆದಳು, ಇಲ್ಲದ ಸೀಬೆಹಣ್ಣನ್ನು ಬಾಯಿ ತುಂಬಾ ಕಚ್ಚಿದಳು, ಮಣಿಕಟ್ಟು ತಟ್ಟಿ ತೋರಿಸಿದಳು. ಮರ ಹತ್ತಿದ ಆ ಸೋದರಮಾವನೂ ಇಷ್ಟು ಚೆನ್ನಾಗಿ ಮಾಡಿರಲಿಲ್ಲ. ಮೂರನ್ನೂ ಹೇಳಿದೆ. ಡಾಕ್ಟರು "ವೆರಿ ಗುಡ್" ಎಂದು ಬರೆದುಕೊಂಡು ಹೋದರು. ನನಗೆ ಆ ದಿನವೆಲ್ಲ ಅನ್ನ ಇಳಿಯಲಿಲ್ಲ. ನೆನಪಿನಿಂದ ಹೇಳಿದೆನೋ ಕಾಪಿ ಹೊಡೆದೆನೋ ನನಗೇ ಗೊತ್ತಿರಲಿಲ್ಲ.

ಮೂರನೆಯ ದಿನ ಡಾಕ್ಟರು ಸ್ವಲ್ಪ ಬೇಗ ಬಂದರು. ಅವಳು ಕಾಫಿ ತರಲು ಕ್ಯಾಂಟೀನಿಗೆ ಹೋಗಿದ್ದಳು. "ಹಗ್ಗ, ಮಲ್ಲಿಗೆ, ಬಾಗಿಲು" ಎಂದು ಹೇಳಿ ಅವರು ಮುಂದಿನ ಮಂಚಕ್ಕೆ ಹೋದರು. ಅವರು ತಿರುಗಿ ಬರುವುದಕ್ಕೂ ಹೆಂಡತಿ ಫ್ಲಾಸ್ಕ್ ಹಿಡಿದು ಒಳಗೆ ಬರುವುದಕ್ಕೂ ಸರಿಹೋಯಿತು. ಪ್ರಶ್ನೆಪತ್ರಿಕೆ ಬದಲಾದದ್ದು ಅವಳಿಗೆ ಗೊತ್ತಿಲ್ಲ. ಡಾಕ್ಟರ ಬೆನ್ನ ಹಿಂದೆ ನಿಂತು ಗಾಳಿಯಲ್ಲಿ ಬರೆದಳು. ಸೀಬೆಹಣ್ಣು ಕಚ್ಚಿದಳು. ಮಣಿಕಟ್ಟು ತಟ್ಟಿದಳು.

ನಾನು ಅವಳನ್ನು ನೋಡಿದೆ. ಅದು ನಿನ್ನೆಯದು ಎಂದು ನನಗೆ ಗೊತ್ತಿತ್ತು. ನಿನ್ನೆ ಎಂಬುದೊಂದು ನನ್ನ ತಲೆಯಲ್ಲಿತ್ತು.

"ಹಗ್ಗ, ಮಲ್ಲಿಗೆ, ಬಾಗಿಲು" ಎಂದೆ.

ಹೆಂಡತಿಯ ಮುಖ ಬಿಳಿಚಿಕೊಂಡಿತು. ಫ್ಲಾಸ್ಕನ್ನು ಕೆಳಗಿಟ್ಟು, "ಮೇಡಮ್, ನಿನ್ನೆ ಎಲ್ಲಾ ಸರಿಯಾಗೇ ಹೇಳಿದ್ರು, ಇವತ್ತು ನಿದ್ದೆ ಕೆಟ್ಟೈತೆ, ಇನ್ನೊಂದ್ಸಲ ಕೇಳಿ ಮೇಡಮ್" ಎಂದು ಡಾಕ್ಟರ ಕೈ ಹಿಡಿದುಕೊಂಡಳು.

"ಮೂರೂ ಸರಿ ಇದೆಯಲ್ಲಮ್ಮ" ಎಂದು ಡಾಕ್ಟರು ಹೇಳಿ, ಅವಳ ಬೆನ್ನು ತಟ್ಟಿ ಹೋದರು.

"ನೀನು ತೋರಿಸಿದ್ದು ನಿನ್ನೆ ಪೇಪರು" ಎಂದೆ ನಾನು.

"ನಿನ್ನೇದು ನೆನಪೈತಾ ನಿಮ್ಗೆ?"

"ಐತೆ. ನೀನು ಸೀಬೆಹಣ್ಣು ಕಚ್ಚಿದ್ದೂ ನೆನಪೈತೆ."

ಅವಳು ಮಂಚದ ತುದಿಯಲ್ಲಿ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ವಾರ್ಡಿಗೆಲ್ಲ ಕೇಳುವ ಹಾಗೆ ಶುರು ಮಾಡಿದಳು. "ಅಲ್ರೀ, ಸಿರಾ ಬಸ್ ಸ್ಟ್ಯಾಂಡ್ನಾಗೆ ಕಟ್ಕೊಂಡ ಹೆಂಡ್ತಿನ ಬುಟ್ಟು ಒಬ್ರೇ ಬಸ್ ಹತ್ಕೊಂಡು ಹೋದ್ರಲ್ಲ, ಮನುಷ್ಯರಾ ನೀವು? ಮೂರ್ ಬಸ್ಸೊಳಗೆ ಹತ್ತಿ ಇಳಿದು ಹುಡುಕ್ದೆ. ಕಂಡೋರನ್ನೆಲ್ಲ ಕೇಳ್ದೆ. ಬಂದ್ರೆ ನನ್ನನ್ನೇ ದಬಾಯಿಸ್ತಾರೆ..."

"ಅದು ಆಗಿ ಎಷ್ಟು ದಿನ ಆಯ್ತು. ಆವತ್ತೇ ಯಾಕೆ ಬೈಯಲಿಲ್ಲ?" ಎಂದೆ.

"ಆವತ್ತು ಬೈದಿದ್ರೆ ನಿಮಗೆ ನೆನಪಿರ್ತಿತ್ತಾ?" ಎಂದಳು.

ಕಾಫಿ ಆರುವವರೆಗೂ ಬೈದಳು. ಒಂದಕ್ಷರ ಬಿಡದೆ ಎಲ್ಲ ನೆನಪಿದೆ.